ತಂತಿಯ ಗಂಟು

ಗಂಟು ಎಂದರೆ ನನಗೆ ಮೊದಲಿನಿಂದಲೂ ಆಗದು. ನಮ್ಮ ಜನಕ್ಕೆ ಗಂಟಿನ ಮೇಲೆ ಪ್ರೀತಿಯೂ ಉಂಟು, ಭಯವೂ ಉಂಟು. ಮದುವೆಯನ್ನು ಬ್ರಹ್ಮಗಂಟು ಎನ್ನುತ್ತೇವೆ. ಸಿಟ್ಟಿನವನನ್ನು ಗಂಟುಮೋರೆಯವನು ಎನ್ನುತ್ತೇವೆ. ಬೇಡದವನು ಬಂದು ಅಂಟಿಕೊಂಡರೆ ಗಂಟುಬಿದ್ದ ಎನ್ನುತ್ತೇವೆ. ಬ್ಯಾಂಕಿನಲ್ಲಿಟ್ಟ ಇಡುಗಂಟೊಂದೇ ಬಾಯಿ ತುಂಬ ಹೇಳಿಕೊಳ್ಳಬಹುದಾದ ಗಂಟು. ಅದು ನನ್ನಲ್ಲಿ ಹೆಚ್ಚಾಗಿಲ್ಲ. ಇವು ಯಾವುದರ ಜಾತಿಗೂ ಸೇರದ ಒಂದು ಗಂಟಿನ ಕಥೆಯನ್ನು ಹೇಳಬೇಕಾಗಿದೆ. ಕಂಪ್ಯೂಟರಿನ ಕೆಲವು ತಂತಿಗಳ ತುದಿಯ ಹತ್ತಿರ, ಕಪ್ಪೆ ನುಂಗಿದ ಕೇರೆಹಾವಿನ ಹೊಟ್ಟೆಯಂತೆ ಉಬ್ಬಿಕೊಂಡಿರುತ್ತದಲ್ಲ, ಆ ಗಂಟು. ತಾವೂ ಅದನ್ನು ನೋಡಿರಬೇಕು. ಇದೇನಿರಬಹುದೆಂದು ಒಂದು ಗಳಿಗೆ ಯೋಚಿಸಿ ಮರೆತೂ ಇರಬೇಕು.

ನಾನು ಮರೆಯುವಷ್ಟಕ್ಕೆ ನಿಲ್ಲಲಿಲ್ಲ. 2018ರಲ್ಲಿ ಕಂಪ್ಯೂಟರಿಗೆಂದು ದೊಡ್ಡದೊಂದು ಪರದೆ ಕೊಂಡೆ. ಬಡಗಿ ಮಾಡಿಕೊಟ್ಟ ಮೇಜಿನ ಹಿಂಬದಿಯಲ್ಲಿ ತಂತಿಗಳು ಹಾದುಹೋಗಲೆಂದು ಒಂದು ಸೀಳು ಇತ್ತು. ತಂತಿಯ ಚಪ್ಪಟೆ ತುದಿ ಅದರಲ್ಲಿ ಮರ್ಯಾದೆಯಾಗಿ ತೂರಿತು. ಗುಂಡನೆಯ ಗಂಟು ತೂರಲಿಲ್ಲ. ಬಡಗಿಯನ್ನು ಕರೆಸಿ ಸೀಳನ್ನು ಅಗಲ ಮಾಡಿಸುವುದು ವಿವೇಕಿಯ ದಾರಿ. ಆದರೆ ಬಡಗಿ ಒಮ್ಮೆ ಹೊರಟುಹೋದನೆಂದರೆ ಅವನು ಮರಳಿ ಬರುವ ದಿನವನ್ನು ಯಾವ ಪಂಚಾಂಗದಲ್ಲಿಯೂ ಬರೆದಿರುವುದಿಲ್ಲ. ಗಂಟಿನ ಮೇಲಿನ ಹೊದಿಕೆಯನ್ನು ಚಾಕುವಿನಿಂದ ಸೀಳಿದೆ. ಒಳಗೆ ಒಂದು ಕರಿಯ ಕಲ್ಲಿನ ಕೊಳವೆ. ಮಣಿಯೊಳಗೆ ದಾರ ಹೋದಂತೆ ತಂತಿ ಅದರ ನಡುವೆ ಹೋಗಿತ್ತು, ಅಷ್ಟೆ. ಕಲ್ಲಿಗೂ ತಂತಿಗೂ ಬೆಸುಗೆಯಿಲ್ಲ, ಕೊಡುಕೊಳ್ಳುವುದೊಂದೂ ಇದ್ದಂತೆ ಕಾಣಲಿಲ್ಲ. ಅಡಕೊತ್ತಿನ ಬಾಯಿಗಿಟ್ಟು ಒತ್ತಿದೆ, ಟಕ್ಕೆಂದು ಒಡೆಯಿತು. ಪರದೆ ಮೊದಲಿನಂತೆಯೇ ಬೆಳಗಿತು, ಅಕ್ಷರಗಳು ಮೊದಲಿನಂತೆಯೇ ಮೂಡಿದುವು. ತೂಕ ಹೆಚ್ಚಿಸಿ ಬೆಲೆ ಕೀಳಲು ಕಂಪೆನಿಯವರು ಕಲ್ಲು ಕಟ್ಟಿ ಕಳಿಸುತ್ತಾರೆಂದು ನಾಲ್ಕು ಜನರ ಮುಂದೆ ಹೇಳಿ ನಗಿಸಿದ್ದೂ ಉಂಟು.

ಅಡಕೊತ್ತು ನಮ್ಮ ತಾಯಿಯದು. ಅದರ ಬಾಯಿ ಸ್ವಲ್ಪ ಮುಕ್ಕಾಯಿತು. ಅದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

2020ರಲ್ಲಿ ಕೊರೋನಾ ಬಂದು, ಕಚೇರಿಗಳೆಲ್ಲ ಮನೆಗಳೊಳಕ್ಕೆ ನುಗ್ಗಿದುವಷ್ಟೆ. ನಮ್ಮ ಅಕ್ಕನ ಮೊಮ್ಮಗ ಬೆಂಗಳೂರಿನ ಬಾಡಿಗೆಯ ಕೋಣೆಯನ್ನು ಖಾಲಿ ಮಾಡಿ ಮರಳವಾಡಿಗೆ ಹೋದ. ಅವನ ಕೆಲಸಕ್ಕೆ ದೊಡ್ಡ ಪರದೆ ಬೇಕಾಗಿತ್ತು. ನನ್ನದನ್ನು ತಂತಿಯ ಸಮೇತ ಕೊಟ್ಟುಬಿಟ್ಟೆ. ದಾನ ಮಾಡಿದ ಸಂತೋಷದಲ್ಲಿ ಆ ರಾತ್ರಿ ಒಳ್ಳೆಯ ನಿದ್ರೆ ಬಂತು.

ಮರಳವಾಡಿಯನ್ನು ನೋಡದವರಿಗೆ ಎರಡು ಮಾತು. ಬೆಂಗಳೂರಿನಿಂದ ಕನಕಪುರದ ರಸ್ತೆ ಹಿಡಿದು, ಹಾರೋಹಳ್ಳಿಯಲ್ಲಿ ತಿರುಗಿಕೊಂಡು ಹೋದರೆ ಸಿಕ್ಕುವ ಹೋಬಳಿಯ ಊರು ಅದು. ಸುತ್ತ ಬಂಡೆಯ ಗುಡ್ಡಗಳು, ಹಿಪ್ಪುನೇರಳೆಯ ತೋಟಗಳು, ರಾಗಿಯ ಹೊಲಗಳು. ಆ ಸೀಮೆಯಲ್ಲಿ ರೇಷ್ಮೆಹುಳು ಮನೆಯ ಮಕ್ಕಳಿಗಿಂತ ಒಂದು ಕೈ ಮೇಲು. ಮಕ್ಕಳಿಗೆ ಜ್ವರ ಬಂದರೆ ಕಷಾಯ ಕೊಟ್ಟು ಮಲಗಿಸುತ್ತಾರೆ, ಹುಳು ಜ್ವರಕ್ಕೆ ಕೂತರೆ ಮನೆಮಂದಿಯೆಲ್ಲ ಪಿಸುಮಾತಿಗೆ ಇಳಿಯುತ್ತಾರೆ. ಹಸಿದ ಹುಳು ಸೊಪ್ಪು ತಿನ್ನುವ ಸದ್ದನ್ನು ರಾತ್ರಿಯ ಹೊತ್ತು ಕೇಳಬೇಕು. ಮಾಡಿನ ಮೇಲೆ ಸಣ್ಣ ಮಳೆ ಹನಿಯುತ್ತಿದೆಯೋ ಎನ್ನಿಸುತ್ತದೆ.

ನಮ್ಮ ಭಾವ ಅಲ್ಲಿ ಮೇಷ್ಟರಾಗಿದ್ದು ನಿವೃತ್ತರಾದವರು. ಹತ್ತು ವರ್ಷದಿಂದ ಕಣ್ಣು ಮಂದ. ಪತ್ರಿಕೆ ಓದುವುದು ನಿಂತುಹೋದಂದಿನಿಂದ ಅವರಿಗೆ ಲೋಕವೆಂದರೆ ಕಿಟಕಿಯ ಕಟ್ಟೆಯ ಮೇಲಿನ ಹಳೆಯ ಟ್ರಾನ್ಸಿಸ್ಟರು. ಅದರ ಮುಳ್ಳು ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸಿನಲ್ಲಿ ಊರಿ ನಿಂತು ಎಷ್ಟೋ ಕಾಲವಾಗಿತ್ತು. ಬೆಳಗಿನ ಚಿಂತನ, ವಾರ್ತೆ, ಸಂಜೆಯ ರೈತರ ಕಾರ್ಯಕ್ರಮ. ನಡುವೆ ಊಟ, ನಿದ್ರೆ. ವಾರ್ತೆಯ ಹೊತ್ತಿನಲ್ಲಿ ಸ್ವತಃ ಯಮನೇ ಬಂದರೂ ಜಗಲಿಯ ಮೇಲೆ ಕಾಯಬೇಕು.

ಆ ರೇಡಿಯೊ ಕೆಟ್ಟಿತು. ಕೆಟ್ಟಿತೆಂದರೆ ಮೂಕವಾಗಲಿಲ್ಲ, ಮಾತಿನ ಮೇಲೆ ಒಂದು ಗೊರಗೊರ ಸದ್ದು ಬಂದು ಕೂತಿತು, ದುಂಬಿಯೊಂದನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ಕಿವಿಯ ಹತ್ತಿರ ಹಿಡಿದಂತೆ. ಹಾರೋಹಳ್ಳಿಯಲ್ಲಿ ರಿಪೇರಿಗೆ ಕೊಟ್ಟರೆ ಅಂಗಡಿಯಲ್ಲಿ ಗಿಣಿಯಂತೆ ಮಾತನಾಡುತ್ತಿತ್ತು. ಮನೆಗೆ ತಂದರೆ ಮತ್ತೆ ಗೊರಗೊರ. ಭಾವನವರು ಮೇಷ್ಟರಲ್ಲವೆ, ಕಾರಣವನ್ನು ಹುಡುಕದೆ ಬಿಡುವವರಲ್ಲ. ಹುಡುಗ ಕಂಪ್ಯೂಟರು ಹಚ್ಚಿದಾಗ ದುಂಬಿ ಬರುತ್ತದೆ, ಆರಿಸಿದಾಗ ಹೋಗುತ್ತದೆ ಎಂಬುದನ್ನು ಒಂದು ವಾರದಲ್ಲಿ ಪತ್ತೆಮಾಡಿದರು.

ಅಲ್ಲಿಂದ ಕದನ. "ಅರ್ಧ ಗಂಟೆ ಆರಿಸಪ್ಪ" ಎಂದು ತಾತ. "ಅದೇ ಹೊತ್ತಿಗೆ ನನ್ನ ಮೀಟಿಂಗು, ತಾತ" ಎಂದು ಮೊಮ್ಮಗ. ಇಬ್ಬರದೂ ನ್ಯಾಯವೇ. ಒಬ್ಬನಿಗೆ ಅನ್ನದ ಪ್ರಶ್ನೆ. ಇನ್ನೊಬ್ಬರಿಗೆ ಉಳಿದಿದ್ದ ಒಂದೇ ಕಿಟಕಿ. "ನಿಮ್ಮ ಸ್ಟೇಷನ್ನು ಈಗ ಯಾರು ಕೇಳುತ್ತಾರೆ? ಮೊಬೈಲಿನಲ್ಲೇ ಹಾಕಿಕೊಡುತ್ತೇನೆ" ಎಂದು ಹುಡುಗ ಒಮ್ಮೆ ಅಂದನಂತೆ. ಮೊಬೈಲಿನ ನುಣುಪು ಗಾಜಿನ ಮೇಲೆ ಕಣ್ಣು ಕಾಣದವರ ಬೆರಳು ಎಲ್ಲಿ ಊರೀತು? ಭಾವನವರು ಉತ್ತರ ಕೊಡಲಿಲ್ಲ. ಕಡೆಗೆ 2021ರ ದಸರೆಗೆ ಮುಂಚೆ ಒಂದು ಬೆಳಿಗ್ಗೆ, ಗೋಡೆ ತಡವಿಕೊಂಡು ಹೋಗಿ, ಮನೆಯ ಮೈನ್ ಸ್ವಿಚ್ಚನ್ನೇ ಇಳಿಸಿಬಿಟ್ಟರು. ಹುಡುಗನ ರಾತ್ರಿಯ ಕೆಲಸವೆಲ್ಲ ಆ ಕ್ಷಣದಲ್ಲಿ ಅಳಿಸಿಹೋಯಿತು. ಅಂದು ತಾತ ಮೊಮ್ಮಗ ಒಂದು ಪಂಕ್ತಿಯಲ್ಲಿ ಕೂರಲಿಲ್ಲ. ಅಕ್ಕ ನನಗೆ ಫೋನು ಮಾಡಿದಳು. "ಹುಡುಗ ಮತ್ತೆ ಬೆಂಗಳೂರಿನಲ್ಲಿ ಕೋಣೆ ಹುಡುಕ್ತಾನಂತೆ ಕಣೋ. ಇವರು, ಹೋಗೋನು ಹೋಗಲಿ ಅಂತ ಕೂತಿದ್ದಾರೆ. ನೀನಾದರೂ ಬಂದು ಹೇಳು."

ಯಾರಿಗೆ ಏನು ಹೇಳಲಿ? ನಮ್ಮ ಬೀದಿಯಲ್ಲಿ ನಿವೃತ್ತ ಇಂಜಿನಿಯರರೊಬ್ಬರಿದ್ದಾರೆ. ಬೆಳಿಗ್ಗೆ ಲಾಲ್‌ಬಾಗಿನಲ್ಲಿ ಜೊತೆಯಾಗಿ ಸುತ್ತುತ್ತೇವೆ. ಅವರ ಮುಂದೆ ಈ ಪುರಾಣವನ್ನೆಲ್ಲ ಬಿಚ್ಚಿದೆ. ಅವರು ಕೇಳಿದ ಮೊದಲನೆಯ ಪ್ರಶ್ನೆ: "ಪರದೆಯ ತಂತಿಯಲ್ಲಿ ಒಂದು ಗಂಟು ಇದೆಯೆ?"

"ಇಲ್ಲ" ಎಂದೆ.

"ಇರಬೇಕಲ್ಲ?"

"ಯಾರೋ ತೆಗೆದಿರಬೇಕು" ಎಂದೆ. ನನ್ನ ವಯಸ್ಸಿಗೆ ಇಷ್ಟು ಸುಳ್ಳು ಹೆಚ್ಚಲ್ಲ.

ಆ ಗಂಟಿನ ಹೆಸರು ಫೆರೈಟ್ ಮಣಿ. ತುಕ್ಕೆಂದು ನಾವು ಉಜ್ಜಿ ಬಿಸಾಡುವ ಕಬ್ಬಿಣದ ಆಕ್ಸೈಡಿಗೆ ಮ್ಯಾಂಗನೀಸು, ಸತುವು, ನಿಕ್ಕಲ್ ಇವುಗಳ ಆಕ್ಸೈಡನ್ನು ಬೆರಸಿ, ಪುಡಿಮಾಡಿ, ಅಚ್ಚೊತ್ತಿ, ಸಾವಿರ ಡಿಗ್ರಿಗೂ ಮೇಲಿನ ಉರಿಯಲ್ಲಿ ಮಡಕೆಯಂತೆ ಸುಟ್ಟರೆ ಅದಾಗುತ್ತದೆ. ಒಂದು ಅರ್ಥದಲ್ಲಿ ಅದು ಕುಂಬಾರನ ಸೃಷ್ಟಿ. ಅದಕ್ಕೇ ನನ್ನ ಅಡಕೊತ್ತಿಗೆ ಟಕ್ಕೆಂದು ಒಡೆದದ್ದು. ಕಬ್ಬಿಣದ ಹಾಗೆ ಕಾಂತದ ಗುಣ ಉಂಟು. ಆದರೆ ಕಬ್ಬಿಣದ ಹಾಗೆ ವಿದ್ಯುತ್ತನ್ನು ಸರಾಗವಾಗಿ ಹರಿಯಗೊಡುವುದಿಲ್ಲ. ಈ ಎರಡು ಗುಣಗಳು ಒಂದೇ ಮೈಯಲ್ಲಿ ಸೇರುವುದು ಅಪರೂಪ. 1930ರಲ್ಲಿ ಟೋಕಿಯೋದ ಕಾಟೋ ಮತ್ತು ತಾಕೇಯಿ ಎಂಬ ಇಬ್ಬರು ವಿದ್ವಾಂಸರು ಇಂಥದೊಂದನ್ನು ಮಾಡಿದರು. ಅದನ್ನು ತಯಾರಿಸಿ ಮಾರಲು 1935ರಲ್ಲಿ ಅಲ್ಲಿ ಒಂದು ಕಂಪೆನಿ ಹುಟ್ಟಿತು. ಮುಂದೆ ಕ್ಯಾಸೆಟ್ಟುಗಳಿಂದ ನಮಗೆಲ್ಲ ಪರಿಚಯವಾದ ಟಿಡಿಕೆ ಅದೇ. ಮೈಸೂರಿನಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ರೇಡಿಯೊ ನಿಲಯ ತೆರೆದದ್ದೂ 1935ರಲ್ಲಿಯೇ. ಆಕಾಶವಾಣಿ ಎಂಬ ಹೆಸರು ಆ ನಿಲಯದ್ದು. ಇಲ್ಲಿ ಆಕಾಶ ಮಾತನಾಡತೊಡಗಿದ ವರ್ಷವೇ ಅಲ್ಲಿ ಅದರ ಮಾತು ಕೆಡದಂತೆ ಕಾಯುವ ಕಲ್ಲಿನ ಕಂಪೆನಿಯೂ ಹುಟ್ಟಿತೆಂದು ಹೇಳಿ ನಾನು ಇಂಜಿನಿಯರರ ಕಡೆ ನೋಡಿದೆ. "ಇದರಲ್ಲಿ ವಿಶೇಷವೇನಿಲ್ಲ, ಕಾಕತಾಳೀಯ" ಎಂದರು ಅವರು. ಇಂಜಿನಿಯರರ ಜೊತೆ ಹರಟೆ ಹೊಡೆಯುವುದು ಕಷ್ಟ.

ಹಾಗಾದರೆ ಈ ಕಲ್ಲು ಮಾಡುವುದೇನು? ತಂತಿಗೆ ಎರಡು ಉದ್ಯೋಗವಂತೆ. ಒಂದು ನಾವು ಕೊಟ್ಟದ್ದು, ಇನ್ನೊಂದು ಅದು ತಾನೇ ಹುಟ್ಟಿಸಿಕೊಂಡದ್ದು. ನಾವು ಕೊಟ್ಟ ಕೆಲಸ, ಸಂಕೇತವನ್ನು ಒಂದು ಎಳೆಯಲ್ಲಿ ಒಯ್ದು ಇನ್ನೊಂದು ಎಳೆಯಲ್ಲಿ ಹಿಂದಕ್ಕೆ ತರುವುದು. ಆದರೆ ಯಂತ್ರದೊಳಗಿನ ಗದ್ದಲದಲ್ಲಿ ಸ್ವಲ್ಪ ಭಾಗ, ಈ ಹೋಗಿಬರುವ ನೇಮಕ್ಕೆ ಸಿಕ್ಕದೆ, ಎಲ್ಲ ಎಳೆಗಳ ಮೇಲೂ ಒಂದೇ ದಿಕ್ಕಿನಲ್ಲಿ ಹೊರಟುಬಿಡುತ್ತದೆ. ಆಗ ತಂತಿ ತಂತಿಯಾಗಿ ಉಳಿಯುವುದಿಲ್ಲ, ಏರಿಯಲ್ ಆಗುತ್ತದೆ. ಮನೆಯೊಳಗೇ ಒಂದು ಪುಟ್ಟ ಪ್ರಸಾರ ಕೇಂದ್ರ. ಎಫ್.ಎಂ. ನಿಲಯಗಳಿರುವ 100 ಮೆಗಾಹರ್ಟ್ಸಿನ ಸುಮಾರಿನಲ್ಲಿ ಅಲೆಯ ಉದ್ದ 3 ಮೀಟರು. ಪರದೆಯ ತಂತಿ ಒಂದೂವರೆ ಮೀಟರು, ಸರಿಯಾಗಿ ಅರ್ಧ. ಏರಿಯಲ್ ಕಟ್ಟುವವನು ಬೇಕೆಂದು ಅಳೆದು ಕತ್ತರಿಸುವ ಅಳತೆ ಅದೇ!

ಮಣಿ ಕೂರುವುದು ಇಲ್ಲಿ, ಊರಬಾಗಿಲ ತಳವಾರನ ಹಾಗೆ. ಹೋದವರ ಲೆಕ್ಕಕ್ಕೂ ಬಂದವರ ಲೆಕ್ಕಕ್ಕೂ ತಾಳೆಯಾದರೆ ಅವನು ತಲೆಯೆತ್ತಿಯೂ ನೋಡುವುದಿಲ್ಲ. ಹೋಗುವ ಪ್ರವಾಹದ ಕಾಂತವನ್ನು ಬರುವ ಪ್ರವಾಹದ ಕಾಂತ ಹೊಡೆದುಹಾಕುವುದರಿಂದ ಕಲ್ಲಿಗೆ ತಂತಿಯಲ್ಲಿ ಏನೂ ನಡೆಯುತ್ತಿಲ್ಲವೆಂದೇ ಭಾವನೆ. ಚಿತ್ರ, ಅಕ್ಷರ ಎಲ್ಲವೂ ಅವನ ಮೂಗಿನ ಕೆಳಗೇ ಸಾಗುತ್ತವೆ. ಆದರೆ ಹೋದದ್ದು ಆ ದಾರಿಯಲ್ಲಿ ಮರಳದೆ ಇದ್ದರೆ ಅವನಿಗೆ ಎಚ್ಚರ. ಅಂಥ ಪ್ರವಾಹ ಕಲ್ಲನ್ನು ಸೆಕೆಂಡಿಗೆ ಕೋಟಿಗಟ್ಟಲೆ ಸಲ ಹಿಂದಕ್ಕೂ ಮುಂದಕ್ಕೂ ಕಾಂತಗೊಳಿಸಬೇಕಾಗುತ್ತದೆ. ಕಲ್ಲು ಒಪ್ಪದೆ ತಡೆಯುತ್ತದೆ. ಆ ತಿಕ್ಕಾಟದಲ್ಲಿ ಗದ್ದಲ ಶಾಖವಾಗಿ ಕರಗುತ್ತದೆ, ಕೈಗೆ ತಿಳಿಯದಷ್ಟು ಶಾಖ. ನಾನು ಒಡೆದದ್ದು ಇಂಥ ತಳವಾರನನ್ನು. ಪರದೆಗೆ ಏನೂ ಆಗಲಿಲ್ಲವೆಂದು ಹಿಗ್ಗಿದೆನಲ್ಲ, ಆ ಮಣಿ ಇದ್ದದ್ದು ಪರದೆಗಾಗಿ ಅಲ್ಲ, ನೆರೆಹೊರೆಗಾಗಿ. ಕಂಪ್ಯೂಟರುಗಳು ಮನೆ ಹೊಕ್ಕ ಹೊಸದರಲ್ಲಿ ಅಮೆರಿಕದವರ ಟಿ.ವಿ., ರೇಡಿಯೊಗಳಿಗೆ ಇದೇ ಗ್ರಹಚಾರ ಹಿಡಿಯಿತಂತೆ. 1979ರಲ್ಲಿ ಅಲ್ಲಿನ ಸರ್ಕಾರ ಇಂತಿಷ್ಟಕ್ಕಿಂತ ಹೆಚ್ಚು ಗದ್ದಲ ಹೊರಸೂಸುವ ಯಂತ್ರವನ್ನು ಮಾರಕೂಡದೆಂದು ಕಟ್ಟುಮಾಡಿತು. ಪರೀಕ್ಷೆಯಲ್ಲಿ ನಪಾಸಾಗುವ ಯಂತ್ರಕ್ಕೆ ಒಂದು ಮಣಿ ತೊಡಿಸಿದರೆ ಎಷ್ಟೋ ಸಲ ಪಾಸಾಗುತ್ತದೆ.

ಹೀಗೆ ಸದ್ದಿಗೆ ಹೆದರುವುದು ನಮ್ಮ ಭಾವನವರ ಚಪಲ ಮಾತ್ರವೂ ಅಲ್ಲ. ಆ ಸೀಮೆಗೆ ಬಹಳ ದೂರವಲ್ಲದ ಬ್ಯಾಲಾಳಿನಲ್ಲಿ ಇಸ್ರೋದವರ 32 ಮೀಟರ್ ಅಗಲದ ಬಟ್ಟಲಿದೆ; 2008ರಲ್ಲಿ ಚಂದ್ರಯಾನದ ಹೊತ್ತಿಗೆ ಸಿದ್ಧವಾದದ್ದು. ಬೆಂಗಳೂರಿನಂಥ ಊರನ್ನು ಬಿಟ್ಟು ಅಲ್ಲಿಗೆ ಹೋದದ್ದೇಕೆಂದರೆ, ಸುತ್ತಲಿನ ನೆಲ ತಟ್ಟೆಯಂತೆ ಎದ್ದು ಹೊರಗಿನ ರೇಡಿಯೊ ಗದ್ದಲವನ್ನು ಮರೆಮಾಡುತ್ತದೆ ಎಂದು. ಚಂದ್ರನಿಂದ ಬರುವ ಪಿಸುಮಾತು ಕೇಳುವುದಕ್ಕೆ ಅವರು ಗುಡ್ಡಗಳ ನಡುವೆ ಹೋಗಿ ಕೂರಬಹುದು. ಕಿಟಕಿಯ ಕಟ್ಟೆಯ ಮೇಲೆ ವಾರ್ತೆ ಕೇಳುವವರು ಎಲ್ಲಿಗೆ ಹೋಗಬೇಕು?

ಸಾದರ ಪತ್ರಪ್ಪ ರಸ್ತೆಗೆ ಹೋಗಿ, ಎರಡು ಹೋಳಾಗಿ ಬಿಚ್ಚಿ ತಂತಿಯ ಮೇಲೆ ಕಚ್ಚಿಸುವಂಥ ಮಣಿಯನ್ನು ಕೊಂಡೆ. ಬೆಲೆ ಒಂದು ಹೋಟೆಲಿನ ತಿಂಡಿಯಷ್ಟು. ಹೋಳುಗಳ ನಡುವೆ ಕೂದಲೆಳೆಯ ಸಂದು ಉಳಿದರೂ ಬಲ ಕುಗ್ಗುತ್ತದೆಂದು ಇಂಜಿನಿಯರರು ಎಚ್ಚರಿಸಿದ್ದರು. ಮರಳವಾಡಿಗೆ ಹೋಗಿ, ಹುಡುಗನ ಪರದೆಯ ತಂತಿಗೆ, ನಾನು ಕಿತ್ತಿದ್ದ ಜಾಗದಲ್ಲಿಯೇ, ಶಾಸ್ತ್ರೋಕ್ತವಾಗಿ ತೊಡಿಸಿದೆ. "ಈಗ ಹಚ್ಚಿ, ಭಾವ" ಎಂದೆ. ಭಾವನವರು ಹಚ್ಚಿದರು.

ಗೊರಗೊರ.

ಹುಡುಗ ಒಂದು ಮಾತನ್ನೂ ಆಡದೆ ಒಳಗೆ ಹೋದ. ಭಾವನವರು "ನೀನೇನು ಮಾಡ್ತೀಯಯ್ಯ, ಕಾಲವೇ ಹಾಗೆ ಬಂದಿದೆ" ಎಂದು ನನ್ನನ್ನೇ ಸಮಾಧಾನಪಡಿಸಿದರು. ಕೋಣೆಯ ಮೂಲೆಯಲ್ಲಿ ಹುಡುಗನ ಪೆಟ್ಟಿಗೆ ಅರ್ಧ ತುಂಬಿ ತೆರೆದಿತ್ತು. ಹುಳುಮನೆಯಲ್ಲಿ ಅಂದು ನಾಲ್ಕನೆಯ ಜ್ವರ. ಹುಳು ತಲೆಯೆತ್ತಿ ಮೇವು ಬಿಟ್ಟು ಕೂತಿತ್ತು. ಅಲ್ಲಿಯೂ ಸದ್ದಿಲ್ಲ, ಇಲ್ಲಿಯೂ ಸದ್ದಿಲ್ಲ. ಸಂಜೆಯ ಬಸ್ಸಿಗೆ ಹಿಂದಿರುಗಿದೆ.

ಮರುದಿನ ಲಾಲ್‌ಬಾಗಿನಲ್ಲಿ ಇಂಜಿನಿಯರರು ಹಣೆ ತಟ್ಟಿಕೊಂಡರು. "612 ಎಂದು ನೀವು ಹೇಳಲೇ ಇಲ್ಲವಲ್ಲ! ನಾನು ಎಫ್.ಎಂ. ಎಂದುಕೊಂಡೆ." ಆ ಸಣ್ಣ ಮಣಿಯ ಪ್ರತಾಪವೆಲ್ಲ ಮೆಗಾಹರ್ಟ್ಸುಗಳಲ್ಲಿ, ಅದೂ ಹತ್ತಾರು, ನೂರಾರು ಮೆಗಾಹರ್ಟ್ಸುಗಳಲ್ಲಿ. ಮಧ್ಯಮ ತರಂಗದ ಕೆಳಗಿನ ಆವರ್ತಕ್ಕೆ ಒಂದು ಮಣಿ ಏನೇನೂ ಸಾಲದು. ಅಷ್ಟೇ ಅಲ್ಲ, ಕಳ್ಳನೂ ಬೇರೆ: ಪರದೆಯಲ್ಲ, ಕಂಪ್ಯೂಟರಿನ ಚಾರ್ಜರು. ಹಿಂದಿನ ಕಾಲದ ಟ್ರಾನ್ಸ್‌ಫಾರ್ಮರು ಮಣಭಾರದ್ದಾದರೂ ಸಾಧು ಪ್ರಾಣಿ. ಈಗಿನ ಹಗುರವಾದ ಚಾರ್ಜರು ಗೋಡೆಯಿಂದ ಬರುವ ವಿದ್ಯುತ್ತನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕೊಚ್ಚಿ ಕೊಚ್ಚಿ ಇಳಿಸುತ್ತದೆ. ತಂಬೂರಿಯ ಒಂದು ತಂತಿಯನ್ನು ಮೀಟಿದರೆ ಅದರ ಇಮ್ಮಡಿ, ಮುಮ್ಮಡಿ ಸ್ವರಗಳೂ ಜೊತೆಗೇ ಏಳುವುದಿಲ್ಲವೆ? ಹಾಗೆಯೇ ಇಲ್ಲಿಯೂ. ಕೊಚ್ಚುವ ಲೆಕ್ಕ ಸೆಕೆಂಡಿಗೆ 68 ಸಾವಿರವೆಂದು ಇಟ್ಟುಕೊಳ್ಳಿ. ಅದರ ಒಂಬತ್ತರಷ್ಟು 612 ಸಾವಿರ. ಸಾಕ್ಷಾತ್ ಬೆಂಗಳೂರು ಆಕಾಶವಾಣಿಯ ಮೇಲೇ ಬಂದು ಬಿತ್ತು! 612ರ ಅಲೆಯ ಉದ್ದ ಸುಮಾರು 490 ಮೀಟರು. ಚಾರ್ಜರಿನ ತಂತಿಯೊಂದೇ ಅಷ್ಟಕ್ಕೆ ಗಿಡ್ಡವಾದರೂ, ಮನೆಯ ಗೋಡೆಗಳೊಳಗಿನ ವೈರೆಲ್ಲ ಅದಕ್ಕೆ ಕೈಕೊಡುತ್ತದೆ.

ಆದ್ದರಿಂದ ಭಾವನವರ ರೇಡಿಯೊ ಕೆಡಿಸಿದವನು ನಾನಲ್ಲ. ಇದನ್ನು ತಿಳಿದು ಹಗುರಾಗಬೇಕಾಗಿತ್ತು, ಆಗಲಿಲ್ಲ. ಎಲ್ಲೋ ಏನೋ ಮಾಡಿದ್ದೇನೆ, ಅದು ಇನ್ನೂ ಸಿಕ್ಕಿಬಿದ್ದಿಲ್ಲ ಎಂಬಂಥ ಒಂದು ಕಸಿವಿಸಿ.

ಈ ಸಲದ ಔಷಧ ಬಳೆಯಷ್ಟು ದೊಡ್ಡ ಉಂಗುರ, ಮ್ಯಾಂಗನೀಸು-ಸತುವಿನ ಬೆರಕೆಯದು. ತಂತಿಯನ್ನು ಒಂದು ಸಲ ತೂರಿಸಿದರೆ ಸಾಲದು, ಸುತ್ತಬೇಕು. ಇಲ್ಲಿ ಒಂದು ಸೊಗಸಾದ ಲೆಕ್ಕವಿದೆ: ತಡೆ ಸುತ್ತಿನ ವರ್ಗದಷ್ಟು ಏರುತ್ತದೆ. ಎರಡು ಸುತ್ತಿಗೆ ನಾಲ್ಕರಷ್ಟು, ಏಳು ಸುತ್ತಿಗೆ ನಲವತ್ತೊಂಬತ್ತರಷ್ಟು. ಬ್ಯಾಂಕಿನ ಬಡ್ಡಿಯೂ ಹೀಗಿದ್ದಿದ್ದರೆ! ಚಾರ್ಜರಿನಿಂದ ಕಂಪ್ಯೂಟರಿಗೆ ಹೋಗುವ ತಂತಿಯನ್ನು, ಚಾರ್ಜರಿನ ಪಕ್ಕದಲ್ಲಿಯೇ, ಏಳು ಸುತ್ತು ಸುತ್ತಬೇಕೆಂದು ಅಪ್ಪಣೆಯಾಯಿತು. ಏಳೇ ಏಕೆಂದು ಕೇಳಿದೆ. ಅದಕ್ಕಿಂತ ಹೆಚ್ಚು ಹಿಡಿಸುವುದಿಲ್ಲ ಎಂದರು.

ಎರಡು ವಾರದ ಮೇಲೆ ಮರಳವಾಡಿಗೆ ಹೋದಾಗ ಹುಡುಗ ಬೆಂಗಳೂರಿನಲ್ಲಿ ಕೋಣೆಗೆ ಮುಂಗಡವನ್ನೂ ಕೊಟ್ಟಾಗಿತ್ತು. ಉಂಗುರವನ್ನು ಅವನ ಕೈಗೇ ಕೊಟ್ಟು, "ಸುತ್ತುವುದು ನಿನ್ನ ಕೆಲಸ, ನನ್ನ ಬೆರಳು ನಡುಗುತ್ತವೆ" ಎಂದೆ. ಒಲ್ಲದ ಮನಸ್ಸಿನಿಂದ ಸುತ್ತತೊಡಗಿದ. ಈ ನಡುವೆ ರೇಡಿಯೊದ ಬೆನ್ನನ್ನು ಬಿಚ್ಚಿ ನೋಡಬೇಕೆಂದು ಇಂಜಿನಿಯರರು ಹೇಳಿದ್ದರು. ಬಿಚ್ಚಿದರೆ ಒಳಗೆ ಬೆರಳುದ್ದದ ಒಂದು ಕರಿಯ ಕಡ್ಡಿ. ಅದರ ಮೇಲೆ ತೆಳುವಾದ ತಾಮ್ರದ ಸುರುಳಿ.

ಭಾವನವರು "ಏನದು?" ಎಂದು ಕೈ ನೀಡಿದರು. ಕಡ್ಡಿಯ ತುದಿಯನ್ನು ಮುಟ್ಟಿಸಿದೆ. ಆಮೇಲೆ ಹುಡುಗನ ಕೈಯ ಉಂಗುರವನ್ನೂ ಮುಟ್ಟಿಸಿದೆ. ಎರಡನ್ನೂ ಮತ್ತೆ ಮತ್ತೆ ಸವರಿ, ಉಗುರಿನಿಂದ ಬಡಿದು ನೋಡಿ, "ಎರಡೂ ಒಂದೇ ಕಲ್ಲು ಕಣಯ್ಯ" ಎಂದರು.

ಹೌದು. ರೇಡಿಯೊದೊಳಗಿನ ಆ ಕಡ್ಡಿಯೂ ಫೆರೈಟೇ. ಆಕಾಶದಲ್ಲಿ ಹರಡಿ ಹೋಗುವ ಅಲೆಯ ಕಾಂತವನ್ನು ತನ್ನೊಳಕ್ಕೆ ಎಳೆದುಕೊಂಡು ಸುರುಳಿಗೆ ಉಣಿಸುವುದು ಅದರ ಕೆಲಸ. ಅದರಿಂದಾಗಿಯೇ ಮನೆಯ ಮೇಲೆ ಏರಿಯಲ್ ಕಟ್ಟುವ ಕಾಲ ಹೋಗಿ ಕೈಯಲ್ಲಿ ಹಿಡಿಯುವ ಟ್ರಾನ್ಸಿಸ್ಟರು ಬಂದದ್ದು. ಅಣ್ಣ ತಮ್ಮಂದಿರು ಒಂದೇ ಕುಲುಮೆಯಲ್ಲಿ ಹುಟ್ಟಿ, ಬೆರಕೆಯಲ್ಲಿ ಕೊಂಚ ಬೇರೆಯಾಗಿ, ಒಬ್ಬ ಮಾತನ್ನು ಬರಮಾಡಿಕೊಳ್ಳುತ್ತಾನೆ, ಇನ್ನೊಬ್ಬ ಗದ್ದಲವನ್ನು ಬಾಗಿಲಲ್ಲಿ ತಡೆಯುತ್ತಾನೆ. ಆ ಕಡ್ಡಿಗೆ ಇನ್ನೊಂದು ಗುಣವಿದೆ. ಅಡ್ಡಲಾಗಿ ಬಂದ ಅಲೆಯನ್ನು ಚೆನ್ನಾಗಿ ಹಿಡಿಯುತ್ತದೆ, ತನ್ನ ತುದಿಯ ನೇರಕ್ಕೆ ಬಂದದ್ದನ್ನು ಕೇಳಿಸಿಕೊಳ್ಳುವುದೇ ಇಲ್ಲ. ರೇಡಿಯೊವನ್ನು ಮೆಲ್ಲಗೆ ತಿರುಗಿಸುತ್ತ ಹೋದರೆ ಗದ್ದಲ ಅಡಗುವ ಒಂದು ಕೋನ ಸಿಕ್ಕುತ್ತದೆ. ಇದನ್ನು ಹೇಳಿದಾಗ ಭಾವನವರು ನಕ್ಕರು. ಹತ್ತು ವರ್ಷದಿಂದ ಅವರು ಮಾಡುತ್ತಿದ್ದದ್ದು ಅದನ್ನೇ.

ಹುಡುಗ ಸುತ್ತಿ ಮುಗಿಸಿ ಕಂಪ್ಯೂಟರು ಹಚ್ಚಿದ. ಭಾವನವರು ರೇಡಿಯೊ ಹಚ್ಚಿದರು. ದುಂಬಿ ಪೂರ್ತಿ ಸಾಯಲಿಲ್ಲ. ನಾನು ಸುಳ್ಳು ಹೇಳುವುದಿಲ್ಲ. ಆದರೆ ಬೆಂಕಿಪೊಟ್ಟಣದಿಂದ ಹಾರಿ ಪಕ್ಕದ ಮನೆಯ ಮಾಡಿಗೆ ಹೋಗಿ ಕೂತಂತಾಯಿತು. ಭಾವನವರು ರೇಡಿಯೊವನ್ನು ಎರಡು ಬೆರಳಿನಷ್ಟು ಎಡಕ್ಕೆ ತಿರುಗಿಸಿದರು. ವಾರ್ತೆಯ ಹೆಣ್ಣುಮಗಳ ದನಿ ಬಿಳಿಯ ಬಟ್ಟೆಯ ಹಾಗೆ ನೇರವಾಗಿ ಬಂತು. ಹುಡುಗ ಬಾಗಿಲಲ್ಲಿ ನಿಂತಿದ್ದ. "ಬೆಂಗಳೂರು ತಾತ, ಇನ್ನೊಂದು ಉಂಗುರ ತಂದರೆ ಗೋಡೆಯ ಕಡೆಯ ವೈರಿಗೂ ಸುತ್ತಬಹುದಾ?" ಎಂದ. ಸುತ್ತಬಹುದು ಎಂದೆ. ಭಾವನವರು "ಮುಂಗಡ ಎಷ್ಟು ಕೊಟ್ಟೆಯೋ?" ಎಂದು ಕೇಳಿದರು. ಹೇಳಿದ. "ಅದನ್ನ ಹಿಂದಕ್ಕೆ ಕೊಡ್ತಾರಾ?" ಎಂದರು.

ಅಡುಗೆಮನೆಯಲ್ಲಿ ಅಕ್ಕ ಕಾಫಿ ಸೋಸುತ್ತ, ತಲೆಯೆತ್ತದೆ, "ಹೋದ ಸಲ ನೀನು ಬಂದುಹೋದಮೇಲೆ ನನ್ನದೂ ಸರಿಹೋಯಿತು ಕಣೋ" ಎಂದಳು.

"ನಿನ್ನದು ಯಾವುದು?"

ಸಾಂಬಾರದ ಡಬ್ಬಿಗಳ ಹಿಂದಿನಿಂದ ಅಂಗೈಯಗಲದ ಒಂದು ಎಫ್.ಎಂ. ರೇಡಿಯೊ ತೆಗೆದು ತೋರಿಸಿದಳು. ಹುಡುಗನ ಕೋಣೆಗೂ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಬೆಂಗಳೂರಿನ ಎಫ್.ಎಂ. ಅಷ್ಟು ದೂರ ಬರುವಷ್ಟರಲ್ಲಿ ಮೊದಲೇ ಸೊರಗಿರುತ್ತದೆ. ನನ್ನ ಪರದೆ ಆ ಮನೆಗೆ ಹೋದಂದಿನಿಂದ ಅವಳ ಹಾಡುಗಳ ಮೇಲೆ ಬರಿಯ ಭುಸುಗುಟ್ಟುವಿಕೆ. ಒಂದು ವರ್ಷಕ್ಕೂ ಮೇಲೆ.

"ಹೇಳಬಾರದಾಗಿತ್ತೆ?"

"ನಿಮ್ಮ ಭಾವನವರ ರೇಡಿಯೊ ರಾಮಾಯಣವೇ ಸಾಕಾಗಿತ್ತಲ್ಲೋ. ನನ್ನನ್ನ ಯಾರು ಕೇಳಿದರು?"

ಕಾಫಿ ಕೈಯಲ್ಲಿ ಹಿಡಿದು, ಮೇಜು, ಸೀಳು, ಬಡಗಿ, ಗಂಟು ಎಲ್ಲವನ್ನೂ ಹೇಳಿದೆ. ಅಕ್ಕ ಸುಮ್ಮನೆ ಕೇಳಿದಳು. ಕಲ್ಲನ್ನು ಒಡೆದ ಭಾಗ ಬಂದಾಗ ಮಾತ್ರ ಲೋಟ ಕೆಳಗಿಟ್ಟು, "ಯಾವ ಅಡಕೊತ್ತು? ಅಮ್ಮನದಾ?" ಎಂದಳು.